ಹೊಟ್ಟೆ ಸೀಳಿದ ಮಹಾಪ್ರಾಣ

ಮೊದಲು ಅಪಾನನಿಗೆ ನಮಸ್ಕಾರ.

ಊಟದ ಎಲೆಯ ಸುತ್ತ ನೀರು ಬಿಟ್ಟು, ಐದು ವಾಯುಗಳನ್ನು ಹೆಸರಿಸಿ ಐದು ಸಲ ಅನ್ನದ ಅಗುಳನ್ನು ಬಾಯಿಗೆ ಹಾಕಿಕೊಳ್ಳುವ ಪದ್ಧತಿ ನನಗೆ ಉಪನಯನದ ದಿನದಿಂದ ಬಂದದ್ದು. ಮೊದಲ ಅಗುಳು ಪ್ರಾಣನಿಗೆ, ಎರಡನೆಯದು ಅಪಾನನಿಗೆ. ಅರುವತ್ತು ವರ್ಷಗಳಿಗೂ ಮೀರಿ ಆ ಎರಡನೆಯ ಹೆಸರನ್ನು ಉಚ್ಚರಿಸಿದೆ. ಅವನು ಯಾರು, ನನ್ನ ದೇಹದ ಯಾವ ಬಾಗಿಲಲ್ಲಿ ಕುಳಿತು ಏನು ಕೆಲಸ ಮಾಡುತ್ತಿದ್ದಾನೆ ಎಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ. ಆ ಬಾಗಿಲನ್ನು ವೈದ್ಯರು ಹೊಲಿದು ಮುಚ್ಚಿದ ಮೇಲೆ ಕೇಳಿಕೊಂಡೆ. ಮುಚ್ಚಿದರೂ ಮುನಿಯದೆ, ಹೊಟ್ಟೆಯ ಎಡಮಗ್ಗುಲಲ್ಲಿ ಕೊರೆದ ಹೊಸ ಕಂಡಿಯ ಬಳಿ ಬಂದು ಕುಳಿತು ಇಂದಿಗೂ ನನ್ನನ್ನು ನಡೆಸುತ್ತಿರುವ ಆ ವಾಯುವಿಗೆ, ಅವನ ಒಡೆಯನಾದ ಪರಮಾತ್ಮನಿಗೆ, ಅವನಿಗೆ ದಾರಿ ಮಾಡಿಕೊಟ್ಟ ಶಸ್ತ್ರವೈದ್ಯರ ಕೈಗಳಿಗೆ ನನ್ನ ಕೃತಜ್ಞತೆ ಮೊದಲು ಸಲ್ಲಲಿ. ಕಥೆ ಆಮೇಲೆ.

ಕಥೆ ಹೇಸಿಗೆಯದು. ಈಗ ತಾನೇ ಉಂಡು ಕುಳಿತವರು ಸ್ವಲ್ಪ ಹೊತ್ತು ಕಳೆದು ಓದುವುದು ಒಳ್ಳೆಯದು. ನನ್ನಂತೆಯೇ ಅಂಗಿಯೊಳಗೊಂದು ಚೀಲವನ್ನು ಮುಚ್ಚಿಟ್ಟುಕೊಂಡು, ಮದುವೆಮನೆಗಳಿಗೆ ಹೋಗುವುದನ್ನು ಬಿಟ್ಟು, ಬಸ್ಸಿನಲ್ಲಿ ಕಿಟಕಿಯ ಪಕ್ಕವನ್ನೇ ಹುಡುಕಿ ಕುಳಿತುಕೊಳ್ಳುವವರು ಈ ಸೀಮೆಯಲ್ಲಿ ಇನ್ನೂ ಕೆಲವರಿದ್ದಾರೆಂದು ನನಗೆ ಈಗ ಗೊತ್ತು. ಅವರಿಗಾಗಿ ಬರೆಯುತ್ತಿದ್ದೇನೆ. ಅವರಿಗೆ ಹೇಸಿಗೆ ಹೊಸದಲ್ಲ.

ನಾನು ಮೂಡಿಗೆರೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡವನ್ನೂ ಸಂಸ್ಕೃತವನ್ನೂ ಕಲಿಸಿ ನಿವೃತ್ತನಾದವನು. ಹುಟ್ಟಿದ್ದು ಕಳಸದ ಕಡೆಯ ಪುರೋಹಿತರ ಮನೆಯಲ್ಲಿ. ಮನೆಯಲ್ಲಿ ನಾನು ಮತ್ತು ನನ್ನ ಹೆಂಡತಿ ಶಾರದೆ, ಮಕ್ಕಳಿಲ್ಲ. ಮೂರನೆಯವನೆಂದರೆ ತಂದೆಯವರಿಂದ ನನ್ನ ಪಾಲಿಗೆ ಬಂದ ದೇವರು. ಅಂಗೈಯಗಲದ ತಾಮ್ರದ ಪೆಟ್ಟಿಗೆ, ಅದರೊಳಗೆ ಒಂದು ಸಾಲಿಗ್ರಾಮ. ಮಿಂದು, ಮಡಿಯುಟ್ಟು, ದಿನವೂ ಪೂಜಿಸಬೇಕು. ನಮ್ಮ ಸಂಪ್ರದಾಯದಲ್ಲಿ ಹೆಂಗಸರು ಅದನ್ನು ಮುಟ್ಟುವುದಿಲ್ಲ. ಆ ಪೆಟ್ಟಿಗೆ ನನ್ನ ಕೈಬಿಟ್ಟು ಹೋಗುವುದರಲ್ಲಿತ್ತು. ಹೋಗಲಿಲ್ಲ ಏಕೆಂಬುದೇ ನಾನು ಹೇಳಬೇಕಾದದ್ದು.

ರಕ್ತ ಕಂಡಾಗ ಮೂಲವ್ಯಾಧಿ ಎಂದುಕೊಂಡೆ. ಹಾಗೆಂದುಕೊಂಡು ಎಂಟು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಯಾರಿಗೆ ಏನೆಂದು ಹೇಳುವುದು? ಪಂಚೆಯನ್ನು ನಾನೇ ಒಗೆಯತೊಡಗಿದೆ. ಒಂದು ದಿನ ಶಾರದೆ ಹಿತ್ತಿಲ ಬಾಗಿಲಲ್ಲಿ ನಿಂತು, "ಎಂತ ಇದು, ನಲವತ್ತು ವರ್ಷ ಇಲ್ಲದ ಮಡಿ? ನಾನು ಒಗೆದದ್ದು ಈಗ ಆಗೂದಿಲ್ವಾ ನಿಮಗೆ?" ಎಂದು ಕೇಳುತ್ತ ಬಕೆಟ್ಟಿನ ನೀರು ನೋಡಿದಳು. ಮರುದಿನ ಬೆಳಗ್ಗೆ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ ನನ್ನನ್ನು ಕೂರಿಸಿದ್ದಳು.

ಆ ಆಸ್ಪತ್ರೆಯ ಕಾಯುವ ಜಾಗವನ್ನು ನಾನು ಮರೆಯಲಾರೆ. ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ಗೃಹಸ್ಥರು ಪರೀಕ್ಷೆಗೆ ಕೊಡಬೇಕಾದ ಮಲದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಇನ್ನೊಂದು ಕೈಯಲ್ಲಿ ಗೋಳಿಬಜೆ ತಿನ್ನುತ್ತಿದ್ದರು. ಡಬ್ಬಿಗೆ ಬಿಳಿಯ ಮುಚ್ಚಳ, ಹೊರಗಿನಿಂದ ಎಲ್ಲವೂ ಕಾಣುವಂಥದ್ದು. ನಾನು ಎದ್ದು ನಾಲ್ಕು ಕುರ್ಚಿ ಆಚೆಗೆ ಹೋಗಿ ಕುಳಿತೆ. ಅರ್ಧ ಗಂಟೆಯಲ್ಲಿ ದಾದಿ ನನ್ನ ಹೆಸರು ಕೂಗಿ ಅಂಥದ್ದೇ ಡಬ್ಬಿಯನ್ನು ನನ್ನ ಕೈಗಿತ್ತಳು. ಆಮೇಲೆ ಪರೀಕ್ಷೆಯ ಕೋಣೆ. ಗೋಡೆಯ ಕಡೆ ಮುಖ ಮಾಡಿ ಮಲಗಿಸಿದರು. ಬೆನ್ನ ಹಿಂದೆ ಕಲಿಯುತ್ತಿರುವ ವೈದ್ಯರು ಮೂವರು. ಒಬ್ಬರಾದ ಮೇಲೆ ಒಬ್ಬರು ಕೈಗವಸು ತೊಟ್ಟರು. ತರಗತಿಯಲ್ಲಿ ಬೀಭತ್ಸ ರಸಕ್ಕೆ ಸ್ಥಾಯಿಭಾವ ಜುಗುಪ್ಸೆ ಎಂದು ಪ್ರತಿವರ್ಷ ಕಪ್ಪುಹಲಗೆಯ ಮೇಲೆ ಬರೆಸುತ್ತಿದ್ದವನು ನಾನು. ಉದಾಹರಣೆ ಹೇಳುವಾಗ ಸ್ಮಶಾನವನ್ನು ಹೇಳಿ ಮುಂದೆ ಹೋಗುತ್ತಿದ್ದೆ. ಅಂದು ಉದಾಹರಣೆ ನಾನೇ ಆಗಿ ಮಲಗಿದ್ದೆ.

ವೈದ್ಯರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು: "ಗಡ್ಡೆ ಬಾಗಿಲಿಗೆ ತೀರಾ ಹತ್ತಿರ ಉಂಟು. ಬಾಗಿಲು ಉಳಿಸ್ಲಿಕ್ಕೆ ಆಗುವುದಿಲ್ಲ."

"ಹಾಗಾದ್ರೆ ಇವರು ಹೊರಕಡೆ ಹೋಗೂದು ಎಲ್ಲಿಂದ?" ಎಂದಳು ಶಾರದೆ.

ವೈದ್ಯರು ತಮ್ಮ ಹೊಟ್ಟೆಯ ಎಡಗಡೆ ಬೆರಳಿಟ್ಟು ತೋರಿಸಿದರು. "ಇಲ್ಲಿ. ಒಂದು ಚೀಲ ಇರ್ತದೆ. ಜೀವಮಾನಕ್ಕೆ."

"ಬೇಡ. ಹಾಗೆ ಬದುಕುವುದು ನನಗೆ ಬೇಡ," ಎಂದೆ.

"ನಿಮ್ಮನ್ನ ಯಾರು ಕೇಳಿದ್ರು?" ಎಂದು ಶಾರದೆ ವೈದ್ಯರ ಕಡೆ ತಿರುಗಿದಳು. "ಯಾವತ್ತು ಬಂದು ಸೇರ್ಬೇಕು ಹೇಳಿ ಡಾಕ್ಟ್ರೇ."

ಐದು ವಾರ ವಿಕಿರಣ, ಆಮೇಲೆ ಶಸ್ತ್ರಚಿಕಿತ್ಸೆ. ಅದಾದ ನಾಲ್ಕನೆಯ ದಿನ ಜೆಸಿಂತಾ ಎಂಬ ದಾದಿ ಹೊದಿಕೆ ಸರಿಸಿ, "ನೋಡಿ ಅಜ್ಜ, ಇನ್ನು ಇದನ್ನು ನೀವೇ ನೋಡಿಕೊಳ್ಳಬೇಕು," ಎಂದರು. ನೋಡಿದೆ. ಹೊಟ್ಟೆಯ ಚರ್ಮದಿಂದ ಹೊರಗೆ ಚಾಚಿಕೊಂಡ ಒಂದು ತೇವದ ತುಂಡು, ಹುಂಜದ ಜುಟ್ಟಿನ ಬಣ್ಣ. ನೋಡುತ್ತಿದ್ದಂತೆ ಅದು ತಾನಾಗಿ ಮಿಸುಕಿತು. ನಾನು ಪಕ್ಕಕ್ಕೆ ಬಾಗಿ ವಾಂತಿ ಮಾಡಿಕೊಂಡೆ. ಜೆಸಿಂತಾ ಅವರು ಅದನ್ನೂ ಒರೆಸಿ, ಇದನ್ನೂ ಒರೆಸಿ, "ಅದಕ್ಕೊಂದು ಹೆಸರಿಡಿ ಅಜ್ಜ. ಸಸಾರ ಆಗ್ತದೆ. ಆಚೆ ಬೆಡ್ಡಿನವರು ಪುಟ್ಟ ಅಂತ ಇಟ್ಟಿದ್ದಾರೆ," ಎಂದರು.

"ಹೆಸರಿಡುವುದು ಮನುಷ್ಯರಿಗೆ, ದೇವರಿಗೆ," ಎಂದೆ ಸಿಡುಕಿನಿಂದ.

"ಆಯ್ತು, ಹಾಗಾದ್ರೆ ದೇವರದ್ದೇ ಒಂದು ಇಡಿ," ಎಂದು ನಕ್ಕು ಹೋದರು. ಆ ಮಾತಿನ ಮೇಲೆ ನನಗೆ ಇಡೀ ದಿನ ಕೋಪವಿತ್ತು.

ಮನೆಗೆ ಬಂದ ಮೇಲೆ ಬಂಧುಗಳು ನೋಡಲು ಬಂದರು. ಕಳಸದಿಂದ ನನ್ನ ತಮ್ಮ ಅನಂತ ಬಂದ. ಬಾಗಿಲ ಪಕ್ಕದ ಕುರ್ಚಿಯಲ್ಲೇ ಕುಳಿತ. ಶಾರದೆ ಕಾಫಿ ತಂದಾಗ, "ಬೇಡ ಅತ್ತಿಗೆ, ಈಗ ತಾನೇ ಆಯ್ತು," ಎಂದ. ದಾರಿಯಲ್ಲಿ ಎಲ್ಲೂ ನಿಲ್ಲಿಸದೆ ಬಂದೆನೆಂದು ಹತ್ತು ನಿಮಿಷದ ಹಿಂದೆ ಅವನೇ ಹೇಳಿದ್ದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಕುಡಿಯುತ್ತಿರಲಿಲ್ಲ. ನನ್ನ ಮೈಯನ್ನು ಕಂಡರೆ ಅವನಿಗಿಂತ ಹೆಚ್ಚು ಅಸಹ್ಯ ನನಗೇ ಇತ್ತು. ಚೀಲ ಬದಲಿಸುವಾಗ ಶಾರದೆಯನ್ನು ಹೊರಗೆ ಕಳಿಸಿ ಅಗಳಿ ಹಾಕಿಕೊಳ್ಳುತ್ತಿದ್ದೆ.

ಪೂಜೆ ನಿಂತಿತ್ತು. ಮಲವನ್ನು ಮೈಗೆ ಅಂಟಿಸಿಕೊಂಡವನಿಗೆ ಯಾವ ಮಡಿ? ಆಷಾಢದ ಏಕಾದಶಿ ಬಂದಾಗ ನನಗೊಂದು ಉಪಾಯ ಹೊಳೆಯಿತು. ನಮ್ಮಂಥವರಿಗೆ ಮಾತ್ರ ಹೊಳೆಯಬಹುದಾದ ದಡ್ಡತನ ಅದು. ಏಕಾದಶಿಯಂದು ನಿರಾಹಾರ. ಹೊಟ್ಟೆಯಲ್ಲಿ ಏನೂ ಇಲ್ಲದ ಮೇಲೆ ಬರುವುದಾದರೂ ಏನು? ದ್ವಾದಶಿಯ ಬೆಳಗ್ಗೆ ಚೀಲವನ್ನೇ ಕಿತ್ತು ಹಾಕಿ, ಮಿಂದು, ಕಂಡಿಯ ಮೇಲೊಂದು ಶುದ್ಧವಾದ ಬಟ್ಟೆ ಕಟ್ಟಿಕೊಂಡು ಕುಳಿತರೆ ನಾನು ಮೊದಲಿನಂತೆ ಮಡಿಯಲ್ಲಿರುತ್ತೇನೆ. ಶಾಸ್ತ್ರವನ್ನೂ ದೇಹವನ್ನೂ ಒಟ್ಟಿಗೆ ಗೆದ್ದೆನೆಂದುಕೊಂಡೆ.

ಅಭಿಷೇಕದ ನಡುವೆ ಅದು ಬಂತು. ಹೇಳದೆ, ಕೇಳದೆ, ತಡೆಯುವ ಸ್ನಾಯುವೊಂದೂ ಇಲ್ಲದೆ, ಬಿಸಿಯಾಗಿ. ಬಟ್ಟೆ ತೋಯಿತು, ಮಡಿಪಂಚೆ ತೋಯಿತು, ಮಣೆಯ ಮೇಲಿಂದ ಹರಿದು ಹರಿವಾಣದ ಅಂಚಿಗೆ ಮುಟ್ಟಿತು. ದೇವರ ಎದುರಿಗೆ. ನಾಲಗೆಯ ಮೇಲೆ ಮಂತ್ರ, ಮೂಗಿನಲ್ಲಿ ಆ ವಾಸನೆ. ಸಾಲಿಗ್ರಾಮವನ್ನು ತುಳಸಿಯ ಸಮೇತ ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಮುಚ್ಚಿದೆ. ಶಾರದೆ ನೆಲ ಒರೆಸಿದಳು. ನಾನು ಬಚ್ಚಲಲ್ಲಿ ಕುಳಿತು ಅತ್ತೆ ಎಂದರೆ ಅದು ಪೂರ್ತಿ ನಿಜವಲ್ಲ. ಅಳುವಷ್ಟು ಮರುಕವೂ ನನ್ನ ಮೇಲೆ ನನಗಿರಲಿಲ್ಲ. ಥೂ ಎಂದು ಉಗುಳುತ್ತಿದ್ದೆ.

ಅನಂತನಿಗೆ ಫೋನ್ ಮಾಡಿ, ದೇವರನ್ನು ನೀನು ಇಟ್ಟುಕೋ ಎಂದೆ. "ನಮ್ಮಲ್ಲಿ ಈಗಾಗ್ಲೇ ಎರಡು ಪೆಟ್ಟಿಗೆ ಉಂಟು ಅಣ್ಣಯ್ಯ. ಮಠಕ್ಕೆ ಒಪ್ಪಿಸಿಬಿಡೂದು ಒಳ್ಳೇದು," ಎಂದ. ದೇವರು ಮಲಗುವ ನಾಲ್ಕು ತಿಂಗಳು ಕಳೆಯಲಿ, ತುಳಸಿ ಹಬ್ಬದ ಮರುದಿನ ಅವನೇ ಕಾರಿನಲ್ಲಿ ಬಂದು ಕರೆದೊಯ್ಯುವನೆಂದು ನಿಶ್ಚಯವಾಯಿತು. ಅಲ್ಲಿಯವರೆಗೆ ಶಾರದೆ ಮುಚ್ಚಿದ ಪೆಟ್ಟಿಗೆಯ ಮೇಲೆ ಹೂವಿಟ್ಟು ದೀಪ ಹಚ್ಚುತ್ತಿದ್ದಳು. ನಾನು ಆ ಕೋಣೆಯ ಕಡೆ ತಲೆಹಾಕಲಿಲ್ಲ. ಮನೆಯ ಹೊರಗೂ ಹೋಗಲಿಲ್ಲ.

ನವರಾತ್ರಿ ಕಳೆದ ಮೇಲೆ ಒಂದು ಬೆಳಗ್ಗೆ ಲೋಕೇಗೌಡರು ಬಂದರು. ನಮ್ಮ ಬೀದಿಯವರೇ. ದೊಡ್ಡ ಎಸ್ಟೇಟೊಂದರಲ್ಲಿ ರೈಟರ್ ಆಗಿದ್ದು ನಿವೃತ್ತರಾದವರು. ಏಳೆಂಟು ಜನರನ್ನು ಕಟ್ಟಿಕೊಂಡು ಪ್ರತಿ ಭಾನುವಾರ ಜೀಪಿನಲ್ಲಿ ದೇವರಮನೆಯ ಗುಡ್ಡಕ್ಕೆ ಹೋಗಿ, ನೋಡಲು ಬಂದವರು ಎಸೆದು ಹೋದ ಕಸವನ್ನು ಹೆಕ್ಕಿ ತರುತ್ತಾರೆ. ನನಗೆ ಕರುಳಿನ ಆಪರೇಷನ್ ಆಗಿದೆಯೆಂದಷ್ಟೇ ಅವರಿಗೆ ಗೊತ್ತಿತ್ತು, ಚೀಲದ ವಿಷಯ ಗೊತ್ತಿರಲಿಲ್ಲ.

"ಮೇಷ್ಟ್ರೇ, ಒಂದು ಉಪಕಾರ ಆಗ್ಬೇಕು ಮಾರಾಯ್ರೆ," ಎಂದು ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. "ಗುಡ್ಡದ ಮೇಲೆ ಬೋರ್ಡು ಬರೆಸಿ ಹಾಕಿದ್ವಿ. ಬಂದೋರೆಲ್ಲ ಓದಿ ನಗ್ತಾರೆ. ಎಂಥಕ್ಕೆ ನಗ್ತಾರೆ ಅಂತ ಗೊತ್ತಾಗ್ತಿಲ್ಲ."

ಫಲಕದಲ್ಲಿ ಕೆಂಪು ಬಣ್ಣದಲ್ಲಿ ಹೀಗಿತ್ತು: "ದೇವರ ಸನ್ನಿಧಿಯಲ್ಲಿ ಮಧ್ಯಪಾನ ನಿಷೇದಿಸಲಾಗಿದೆ."

ನನಗೆ ಮೈಯೆಲ್ಲ ಉರಿಯಿತು. "ಗೌಡ್ರೇ, ಮಧ್ಯ ಎಂದರೆ ನಡು. ಹೆಂಡಕ್ಕೆ ಮದ್ಯ. ನಿಮ್ಮ ಬೋರ್ಡಿನ ಪ್ರಕಾರ ಮೊದಲು ಕುಡಿಯಬಹುದು, ಕೊನೆಗೆ ಕುಡಿಯಬಹುದು, ನಡುವೆ ಕುಡಿಯಬಾರದು. ಹೊಟ್ಟೆ ಸೀಳಬಾರದ ಕಡೆ ಸೀಳಿದ್ದೀರಿ. ನಿಷೇಧದಲ್ಲಿ ಸೀಳಬೇಕಿತ್ತು, ಅಲ್ಲಿ ಬಿಟ್ಟಿದ್ದೀರಿ."

ಕನ್ನಡ ಶಾಲೆಯಲ್ಲಿ ಓದಿದವರಿಗೆಲ್ಲ ಇದು ನೆನಪಿರಬೇಕು. ದಕಾರದ ಹೊಟ್ಟೆಗೊಂದು ಗೀಟು ಎಳೆದರೆ ಧಕಾರ. ಅದಕ್ಕೆ ಹೊಟ್ಟೆ ಸೀಳುವುದು ಎಂದೇ ಮಕ್ಕಳಿಗೆ ಹೇಳಿಕೊಡುತ್ತೇವೆ. ಸೀಳದಿದ್ದರೆ ಅಲ್ಪಪ್ರಾಣ, ಸೀಳಿದರೆ ಮಹಾಪ್ರಾಣ. ಗೌಡರಿಗೂ ಅದನ್ನೇ ಹೇಳಿದೆ.

"ನಾನು ರೈಟರ್ ಅಂತ ಹೆಸರಿಗೆ ಅಷ್ಟೆ ಕಣ್ರಿ, ಆಳುಗಳ ಹಾಜರಿ ಚೆಕ್‌ರೋಲ್ ಬಿಟ್ರೆ ಬೇರೆ ಎಂಥದೂ ಬರೆದೋನಲ್ಲ," ಎಂದು ಗೌಡರು ನಕ್ಕರು. "ಈ ಭಾನುವಾರ ನೀವೇ ಬನ್ನಿ. ನಿಂತು ಹೇಳಿ, ನಾನು ಬಣ್ಣ ಬಳಿತೀನಿ. ಇನ್ನೊಂದು ಸಲ ತಪ್ಪಾದ್ರೆ ಜನ ಕಲ್ಲು ಹೊಡೀತಾರೆ."

ಬರುವುದಿಲ್ಲ ಎನ್ನಲು ಬಾಯಿ ತೆರೆದೆ. ಆದರೆ ಆ ಎರಡು ತಪ್ಪಕ್ಷರಗಳು ದೇವರ ಎದುರಿಗೆ ನಿಂತಿವೆ ಎಂಬುದು ಸಹಿಸಲಾಗಲಿಲ್ಲ. ಶಾರದೆ ನನ್ನ ಜೋಳಿಗೆಯಲ್ಲಿ ಹೊಸ ಚೀಲವೊಂದನ್ನು, ಹಳೆಯ ಪತ್ರಿಕೆಯ ಹಾಳೆಗಳನ್ನು ಇಟ್ಟು, "ಹೋಗಿ ಬನ್ನಿ. ಇಲ್ಲಿ ಕೂತು ಗೋಡೆಗೆ ಮುಖ ಸಿಂಡರಿಸೂದಕ್ಕಿಂತ ಅಲ್ಲಿ ಗುಡ್ಡಕ್ಕೆ ಸಿಂಡರಿಸಿ," ಎಂದಳು.

ದೇವರಮನೆಯ ಹುಲ್ಲುಗುಡ್ಡವನ್ನು ನಾನು ಹಿಂದೆ ನೋಡಿದ್ದೆ. ಅಲ್ಲಿನ ಗುಡಿಯಲ್ಲಿ ರುದ್ರ ಹೇಳಿ ಬಂದದ್ದುಂಟು. ಆ ಭಾನುವಾರ ಕಂಡದ್ದನ್ನು ಬರೆಯಲು ಲೇಖನಿ ಹಿಂಜರಿಯುತ್ತದೆ. ಗುಡಿಯ ಹಿಂಬದಿಯ ಇಳಿಜಾರಿನಲ್ಲಿ ಬಾಟಲಿಗಳು, ಒಡೆದ ಗಾಜು, ಎಲುಬು ಮೆತ್ತಿಕೊಂಡ ಪೊಟ್ಟಣಗಳು, ಹಸುಗೂಸುಗಳ ಡೈಪರುಗಳು ಮಳೆನೀರು ಕುಡಿದು ತಲೆದಿಂಬಿನಂತೆ ಊದಿಕೊಂಡವು. ಬಂಡೆಗಳ ಮರೆಯಲ್ಲಿ ಮನುಷ್ಯರ ಮಲ, ಅದರ ಮೇಲೆ ಮರ್ಯಾದೆಗೆಂಬಂತೆ ಒಂದೊಂದು ಬಿಳಿಯ ಕಾಗದ. ಒಂದು ಕುಟುಂಬ ನಮ್ಮ ಕಣ್ಣೆದುರೇ ತಿಂದ ತಟ್ಟೆಗಳನ್ನು ಕಾರಿನ ಕಿಟಕಿಯಿಂದ ಎಸೆದು, ಗುಡಿಯ ಕಡೆ ತಿರುಗಿ ಕೈಮುಗಿದು ಹೊರಟಿತು. ಕೈಮುಗಿದದ್ದು ನನಗೆ ಹೆಚ್ಚು ಅಸಹ್ಯವಾಯಿತು.

ಗೌಡರ ಗುಂಪಿನಲ್ಲಿ ಗಿರಿಜಾ ಎಂಬಾಕೆ ಇದ್ದರು. ತೋಟದಲ್ಲಿ ಹೆಣ್ಣಾಳುಗಳ ಮೇಸ್ತ್ರಿ, ವಾರಕ್ಕೊಂದೇ ರಜೆ, ಅದನ್ನೂ ಇಲ್ಲಿ ಕಳೆಯುತ್ತಾರೆ. ಅವರು ಕೈಗವಸಿನಲ್ಲಿ ಒಂದು ಡೈಪರನ್ನು ಎತ್ತಿ ಗೋಣಿಚೀಲಕ್ಕೆ ಹಾಕಿದರು. ಅದು ಅಡಿಯಲ್ಲಿ ಸೋರಿತು. ನಾನು ಮುಖ ತಿರುಗಿಸಿದೆ. ಗುಂಪಿಗೆ ಅಂದು ಹೊಸದಾಗಿ ಬಂದಿದ್ದ ಇಬ್ಬರು ಶುಭ್ರವಾದ ಕೈಗವಸು ತೊಟ್ಟು, ಖಾಲಿ ಗೋಣಿ ಹಿಡಿದು, ಫೋಟೊ ತೆಗೆಸಿಕೊಂಡು, ಜೀಪಿನ ನೆರಳಿಗೆ ಹೋಗಿ ಕುಳಿತರು. ಆ ಇಬ್ಬರ ಕಡೆಯಿಂದಲೂ ಮುಖ ತಿರುಗಿಸಿದೆ.

ಫಲಕದ ಕೆಲಸ ಮುಗಿಸಿದೆವು. ಗೌಡರು ಬಣ್ಣದ ಕುಂಚ ಹಿಡಿದು, "ಇಲ್ಲಿ ಹೊಟ್ಟೆ ಮುಚ್ಚಿದೆ. ಇಲ್ಲಿ ಸೀಳಿದೆ. ಸರಿಯಾ?" ಎಂದು ಕೇಳಿ ಕೇಳಿ ತಿದ್ದಿದರು. ಆಮೇಲೆ ಸುಮ್ಮನೆ ನಿಲ್ಲುವುದು ಸರಿಕಾಣದೆ ನಾನೂ ಒಂದು ಕೋಲು ಹಿಡಿದು ಕಾಗದಗಳನ್ನು ಚುಚ್ಚುತ್ತ ಇಳಿಜಾರು ಇಳಿದೆ. ಬಿಸಿಲು ಏರಿತ್ತು. ಬೆವರಿಗೆ ಚೀಲದ ಅಂಟು ಸಡಿಲವಾದದ್ದು ನನಗೆ ತಿಳಿಯಲಿಲ್ಲ. ಬಗ್ಗಿ ಎದ್ದಾಗ ಹೊಟ್ಟೆಯ ಮೇಲೆ ಬಿಸಿಯಾಯಿತು. ದ್ವಾದಶಿಯ ಅದೇ ಬಿಸಿ.

ವಾಸನೆ ಗಾಳಿಗೆ ಸಿಕ್ಕಿತು. "ಯಾರೋ ಹೇಲು ತುಳಿದ್ರು ಅನ್ಸುತ್ತೆ! ಎಲ್ರೂ ಚಪ್ಪಲಿ ನೋಡ್ಕೊಳ್ರಪ್ಪಾ!" ಎಂದು ಗೌಡರು ಕೂಗಿದರು. ಎಲ್ಲರೂ ಕೊಕ್ಕರೆಗಳಂತೆ ಒಂಟಿಕಾಲಲ್ಲಿ ನಿಂತು ಅಂಗಾಲು ನೋಡಿಕೊಂಡರು. ನಾನೂ ಕಾಲೆತ್ತಿ ನೋಡಿಕೊಂಡೆ. ಜೀವಮಾನದಲ್ಲಿ ನಾನು ಆಡಿದ ಅತ್ಯಂತ ಹೇಯವಾದ ಸುಳ್ಳು ಅದು. ಬಾಯಿಂದ ಆಡದ ಸುಳ್ಳು.

ಗಿರಿಜಾ ನನ್ನ ಅಂಗಿಯ ಕಲೆಯನ್ನು ನೋಡಿದರು. ಹತ್ತಿರ ಬಂದು ಸಣ್ಣ ದನಿಯಲ್ಲಿ, "ಬನ್ನಿ ಮೇಷ್ಟ್ರೇ, ಆ ಬಂಡೆ ಹಿಂದೆ ಹೋಗಾಣ. ನೀರಿನ ಕ್ಯಾನು ನನ್ನ ಹತ್ರ ಇದೆ," ಎಂದರು.

"ನೀವು ಬರಬೇಡಿ. ಇದು... ಹೊಲಸು."

"ಅಯ್ಯೋ, ನಮ್ಮತ್ತೆಗೆ ಎರಡು ವರ್ಷ ನಾನೇ ತೆಗ್ದಿಲ್ವಾ? ಹೇಸಿಗೆ ಅನ್ನೋದು ಮೊದಲು ಮೂರು ದಿನ. ಆಮೇಲೆ ಅದು ಕೆಲಸ."

ಅವರು ಕೊಡೆ ಬಿಚ್ಚಿ ಮರೆ ಹಿಡಿದು, ಮುಖ ಆಚೆ ಮಾಡಿಕೊಂಡು, ಕೈ ಹಿಂದೆ ಚಾಚಿ ನೀರು ಹೊಯ್ದರು. ನಾನು ತೊಳೆದುಕೊಂಡು ಹೊಸ ಚೀಲ ಅಂಟಿಸಿಕೊಂಡೆ. ಒಂದು ವಿಷಯವನ್ನು ಇಲ್ಲಿ ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ಆ ಹೆಂಗಸಿನ ಜನರ ಕೈಯ ನೀರನ್ನು ನಮ್ಮ ಮನೆತನದಲ್ಲಿ ಯಾರೂ ಮುಟ್ಟಿದವರಲ್ಲ. ನಾನೂ ಮುಟ್ಟಿರಲಿಲ್ಲ. ಹೊಯ್ಯುತ್ತಿದ್ದ ನೀರಿನ ಕೆಳಗೆ ನಿಂತಾಗ ಅದು ನೆನಪಾಯಿತು. ನನ್ನ ಹೊಟ್ಟೆಯ ಮೇಲಿನದಕ್ಕಿಂತ ಗಲೀಜಾದದ್ದೊಂದು ತಲೆಯೊಳಗೆ ಎಷ್ಟು ಶುಭ್ರವಾದ ಪಂಚೆಯುಟ್ಟು ಕುಳಿತಿತ್ತು ಎಂದು ಕಂಡು ಮತ್ತೊಮ್ಮೆ ವಾಕರಿಕೆ ಬಂತು.

ಹಳೆಯ ಚೀಲವನ್ನು ಪತ್ರಿಕೆಯಲ್ಲಿ ಸುತ್ತಿ ಜೋಳಿಗೆಗೆ ಹಾಕಿಕೊಂಡು ಬಂಡೆಯ ಹಿಂದಿನಿಂದ ಬಂದಾಗ ಲೋಕೇಗೌಡರು ಎದುರಿಗೇ ನಿಂತಿದ್ದರು. ಮುಚ್ಚುವುದು ಇನ್ನು ಸಾಧ್ಯವಿರಲಿಲ್ಲ. ಎಲ್ಲವನ್ನೂ ಹೇಳಿದೆ, ಚಪ್ಪಲಿ ನೋಡಿಕೊಂಡದ್ದನ್ನೂ ಹೇಳಿದೆ. ಅವರು ತಲೆ ಕೆರೆದುಕೊಂಡರು.

"ಹೊಟ್ಟೆ ಸೀಳಿದ್ರೆ ಮಹಾಪ್ರಾಣ ಅಂತ ನೀವೇ ಅಲ್ವಾ ಹೇಳಿದ್ದು?"

ನನಗೆ ನಗು ಬರಲಿಲ್ಲ. ಜೋಳಿಗೆಯನ್ನು ಮುಟ್ಟಿ ತೋರಿಸುತ್ತ, "ನಾನು ಇನ್ನು ಬರುವುದಿಲ್ಲ ಗೌಡ್ರೇ. ಇಂಥದ್ದನ್ನು ಹೊತ್ತುಕೊಂಡು ದೇವರ ಜಾಗಕ್ಕೆ ಬರುವುದು ತಪ್ಪು," ಎಂದೆ.

ಆಗ ಅವರಿಗೆ ನಿಜವಾಗಿ ರೇಗಿತು. "ಎಂಥ ಮಾತಾಡ್ತೀರಿ ಮಾರಾಯ್ರೆ ನೀವು! ಅಲ್ಲಿ ನೋಡಿ, ಬಂಡೆ ಬಂಡೆ ಹಿಂದೆ ಬಿಟ್ಟು ಹೋಗಿದಾರೆ, ಗುಡಿಯಿಂದ ಮಾರು ದೂರದಲ್ಲಿ. ಅವರಿಗೆಲ್ಲ ಬಾಗಿಲು ಸರಿಯಾಗೇ ಇತ್ತಲ್ಲ? ಈ ಗುಡ್ಡಕ್ಕೆ ಬಂದೋರಲ್ಲಿ ತನ್ನದನ್ನ ತಾನೇ ಚೀಲದಲ್ಲಿ ಹಾಕ್ಕೊಂಡು ಮನೆಗೆ ವಾಪಸ್ ಒಯ್ಯೋ ಗಂಡಸು ನೀವೊಬ್ರೇ!"

ಗಿರಿಜಾ ಬಾಯಿಗೆ ಸೆರಗು ಮುಚ್ಚಿಕೊಂಡರು. ಮೊದಲು ಅವರಿಗೆ ನಗು ಬಂತು, ಆಮೇಲೆ ಗೌಡರಿಗೆ. ನನಗೆ ಬಂದದ್ದು ಜೀಪು ಅರ್ಧ ಘಾಟಿ ಇಳಿದ ಮೇಲೆ. ಹೊಲಿಗೆ ಹಾಕಿದ ಜಾಗ ನೋಯುವಷ್ಟು.

ಮುಂದಿನ ಭಾನುವಾರವೂ ಹೋದೆ, ಅದರ ಮುಂದಿನದಕ್ಕೂ. ಇದರಿಂದ ಏನು ಸಿಕ್ಕಿತೆಂದು ಕೇಳುವವರಿಗೆ ಹೇಳುತ್ತೇನೆ. ಹಸಿವು ಸಿಕ್ಕಿತು. ನಾಲ್ಕು ತಿಂಗಳಿಂದ ಔಷಧಿಯಂತೆ ನುಂಗುತ್ತಿದ್ದ ಅನ್ನಕ್ಕೆ ರುಚಿ ಬಂತು. ನಿದ್ದೆ ಬಂತು. ನೆಲ ನೋಡಿಕೊಂಡೇ ನಡೆಯಬೇಕಾದ ಕೆಲಸವಾದ್ದರಿಂದ ಹುಲ್ಲಿನ ಬುಡದಲ್ಲಿ ಉಗುರಿನಷ್ಟು ಅಗಲದ ನೇರಳೆ ಹೂಗಳಿರುವುದು ಕಂಡಿತು. ಒಂದು ಹಳೆಯ ನೋಟುಪುಸ್ತಕದಲ್ಲಿ ಅವುಗಳ ಚಿತ್ರ ಬಿಡಿಸಿಕೊಳ್ಳತೊಡಗಿದೆ. ಹೆಸರು ಗೊತ್ತಿಲ್ಲದ್ದಕ್ಕೆ ಗಿರಿಜಾ ಅವರು ಹೇಳುವ ಹೆಸರನ್ನೇ ಬರೆಯುತ್ತೇನೆ. ಗುಂಪಿನವರಿಗೆ ನನ್ನ ಚೀಲ ಈಗ ಗೌಡರ ಮೊಣಕಾಲುನೋವಿನಷ್ಟೇ ಹಳೆಯ ವಿಷಯ. ಮೂರನೆಯ ಭಾನುವಾರ ಗಿರಿಜಾ ಅವರ ಫ್ಲಾಸ್ಕಿನ ಕರಿಕಾಫಿಯನ್ನು ಕುಡಿದೆ. ಲೋಟ ಕೈಗೆ ತೆಗೆದುಕೊಳ್ಳುವಾಗ ಕೈ ಒಂದಿಷ್ಟು ತಡೆಯಿತು. ಅವರು ಅದನ್ನು ನೋಡಿದರು, ನೋಡದಂತೆ ಇದ್ದರು. ಕಾಫಿ ಬಹಳ ಚೆನ್ನಾಗಿತ್ತು.

ಜುಗುಪ್ಸೆ ಹೋಯಿತೇ ಎಂದರೆ, ಇಲ್ಲ. ಪ್ರತಿ ವಾರ ಅದೇ ಬಾಟಲಿ, ಅದೇ ಡೈಪರು. ನಾವು ತಿದ್ದಿದ ಫಲಕದ ಬುಡದಲ್ಲೇ ಒಡೆದ ಶೀಸೆಗಳು. ಕನ್ನಡ ಶುದ್ಧವಾದದ್ದರಿಂದ ಯಾರೂ ಶುದ್ಧರಾಗಲಿಲ್ಲ. ಆದರೆ ಮನೆಗೆ ಬಂದು ಚೀಲ ಬದಲಿಸುವಾಗ ಬಾಗಿಲಿಗೆ ಅಗಳಿ ಹಾಕುವುದನ್ನು ಮರೆಯತೊಡಗಿದೆ. ಒಂದು ದಿನ ಶಾರದೆ ಸೀದಾ ಒಳಗೆ ಬಂದು, "ಓರೆ ಅಂಟಿಸಿದೀರಿ, ಕೊಡಿ ಇಲ್ಲಿ," ಎಂದು ಸರಿಮಾಡಿದಳು.

ತುಳಸಿ ಹಬ್ಬ ಮುಗಿಯಿತು. ಮರುದಿನ ಬೆಳಗ್ಗೆ ಹೇಳಿದ ಸಮಯಕ್ಕೆ ಸರಿಯಾಗಿ ಅನಂತನ ಕಾರು ಬಂತು. ಪೆಟ್ಟಿಗೆಯನ್ನು ಕೊಡುವ ಮುನ್ನ ಹೊಸ ವಸ್ತ್ರದಲ್ಲಿ ಸುತ್ತೋಣವೆಂದು ದೇವರ ಕೋಣೆಗೆ ಹೋದೆ. ಮುಚ್ಚಳ ತೆಗೆದೆ.

ಒಳಗೆ ಆಷಾಢದ ದ್ವಾದಶಿಯ ತುಳಸಿ ಇತ್ತು. ಕರಿದಾಗಿ, ಒಣಗಿ, ಸಾಲಿಗ್ರಾಮಕ್ಕೆ ಅಂಟಿಕೊಂಡಿತ್ತು. ಪೀಠದ ಬಟ್ಟೆಗೆ ಬೂಷ್ಟು ಹಿಡಿದಿತ್ತು. ದಿನದ ಪೂಜೆಯಲ್ಲಿ ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು ನಿರ್ಮಾಲ್ಯ ತೆಗೆಯುವುದು, ಎಂದರೆ ಹಿಂದಿನ ದಿನದ ಬಾಡಿದ ಹೂವನ್ನು ದೇವರ ಮೇಲಿಂದ ತೆಗೆದು ಶುಚಿಮಾಡುವುದು. ನಾಲ್ಕು ತಿಂಗಳು ಯಾರೂ ತೆಗೆದಿರಲಿಲ್ಲ. ನನ್ನ ಮೈಲಿಗೆ ತಾಗಬಾರದೆಂದು ಮುಚ್ಚಿ, ದೇವರನ್ನು ಕಸದಲ್ಲಿ ಕೂರಿಸಿದ್ದೆ; ಆ ಕಸಕ್ಕೇ ಶಾರದೆ ದಿನವೂ ಹೂವಿಟ್ಟು ಕೈಮುಗಿಯುತ್ತಿದ್ದಳು. ಕಾರಿನ ಕಿಟಕಿಯಿಂದ ತಟ್ಟೆ ಎಸೆದು ಕೈಮುಗಿದವರ ನೆನಪಾಯಿತು. ಈ ಪೆಟ್ಟಿಗೆಯನ್ನು ಹೀಗೆಯೇ ಮಠದವರ ಕೈಗೆ ಹೇಗೆ ಕೊಡುವುದು? ಬಿಟ್ಟವನೇ ತೆಗೆಯಬೇಕು.

"ಅನಂತ, ಸ್ವಲ್ಪ ಕೂತುಕೋ," ಎಂದು ಹೇಳಿ ಬಚ್ಚಲಿಗೆ ಹೋದೆ. ಮಿಂದೆ. ಮಡಿಯುಟ್ಟೆ. ಚೀಲವನ್ನು ತೆಗೆಯಲಿಲ್ಲ, ಹೊಸದನ್ನು ಗಟ್ಟಿಯಾಗಿ ಅಂಟಿಸಿಕೊಂಡೆ.

ತುಳಸಿಯನ್ನು ಉಗುರಿನಿಂದ ಬಿಡಿಸಿದೆ. ಬಟ್ಟೆ ಬದಲಿಸಿದೆ. ಅಭಿಷೇಕ ಶುರುಮಾಡಿದೆ. ಅದೇ ಮಂತ್ರದ ಅದೇ ಜಾಗಕ್ಕೆ ಬಂದಾಗ ಹೊಟ್ಟೆಯ ಮೇಲಿನವನು ದೊಡ್ಡದಾಗಿ ಸದ್ದು ಮಾಡಿದ. ಮನೆಯೆಲ್ಲ ಕೇಳುವಂತೆ. ನನ್ನ ನಾಲಗೆ ನಿಂತಿತು. ಹೊರಗೆ ಅನಂತ ಕೆಮ್ಮಿದ.

ಶಾರದೆ ಹಿಂದಿನಿಂದ ಹೇಳಿದಳು: "ನಿಲ್ಲಿಸ್ಬೇಡಿ. ಗಂಟೆ ಸ್ವಲ್ಪ ಜೋರಾಗಿ ಹೊಡೀರಿ."

ಹೊಡೆದೆ. ಅಷ್ಟು ಜೋರಾಗಿ ನಾನು ಎಂದೂ ಗಂಟೆ ಹೊಡೆದಿರಲಿಲ್ಲ. ಪೂಜೆ ಮುಗಿಸಿ ತೀರ್ಥದ ಬಟ್ಟಲು ಹಿಡಿದು ಹೊರಗೆ ಬಂದೆ. ಶಾರದೆ ಕೈಯೊಡ್ಡಿದಳು. ಅನಂತ ಎದ್ದು ನಿಂತ. ಒಂದು ಕ್ಷಣ ನನ್ನ ಹೊಟ್ಟೆಯತ್ತ ನೋಡಿದ, ಅದನ್ನು ನಾನು ಕಂಡೆ. ಆಮೇಲೆ ಅವನೂ ಕೈಯೊಡ್ಡಿದ. ಕುಡಿದು ಕೈಯನ್ನು ತಲೆಗೆ ಒರೆಸಿಕೊಂಡ.

"ಹಾಗಾದ್ರೆ ಪೆಟ್ಟಿಗೆ, ಅಣ್ಣಯ್ಯ?"

"ಇಲ್ಲೇ ಇರಲಿ. ಮಠಕ್ಕೆ ನಾನೇ ಫೋನ್ ಮಾಡಿ ಹೇಳುತ್ತೇನೆ."

"ಕಾಫಿ ತರ್ಲಾ?" ಎಂದಳು ಶಾರದೆ.

"ಕಾಫಿ... ಇನ್ನೊಂದು ಸಲ ಅತ್ತಿಗೆ," ಎಂದ ಅನಂತ.

ಜೆಸಿಂತಾ ಅವರು ಹೇಳಿದಂತೆ ದೇವರ ಹೆಸರೊಂದನ್ನು ಅದಕ್ಕೆ ಇಟ್ಟಿದ್ದೇನೆ. ಅದು ಯಾವುದೆಂದು ಈ ಬರಹದ ಮೊದಲ ಸಾಲಿನಲ್ಲೇ ಹೇಳಿದೆ.

ಜೆಸಿಂತಾ ತಾಯಿಯ ಕೈಗಳು ತಣ್ಣಗಿರಲಿ. ಒರೆಸುವವರ ಕೈ, ನೀರು ಹೊಯ್ಯುವವರ ಕೈ, ಕೊಡೆ ಹಿಡಿಯುವವರ ಕೈ ಎಂದಿಗೂ ಸೋಲದಿರಲಿ. ಗಿರಿಜಾ ಅವರ ಮನೆಯಲ್ಲಿ ಅನ್ನ ತುಂಬಿರಲಿ; ಲೋಕೇಗೌಡರ ಮೊಣಕಾಲು ಗುಡ್ಡ ಹತ್ತುವಷ್ಟು ಕಾಲ ಗಟ್ಟಿಯಾಗಿರಲಿ. ಶಾರದೆಗೆ ನನಗಿಂತ ದೀರ್ಘವಾದ ಆಯುಸ್ಸನ್ನು ಬೇಡುವುದಿಲ್ಲ, ಸಮವಾದದ್ದನ್ನು ಬೇಡುತ್ತೇನೆ. ನನ್ನ ತಮ್ಮನಿಗೆ ಒಂದು ದಿನ ನಮ್ಮ ಮನೆಯಲ್ಲಿ ಕಾಫಿಯ ಆಸೆಯಾಗಲಿ. ಚೀಲ ಹೊತ್ತು ಅಂಜಿ ಕುಳಿತವರು ಬಾಗಿಲು ತೆರೆದು ಬಿಸಿಲಿಗೆ ಬರಲಿ. ಕೊನೆಯದಾಗಿ, ದೇವರಮನೆಯ ಹುಲ್ಲಿನ ಮೇಲೆ ಎಸೆದು, ಬಿಟ್ಟು, ಒಡೆದು, ಕೈಮುಗಿದು ಹೋದ ಎಲ್ಲರಿಗೂ ಭಗವಂತನು ಆರೋಗ್ಯವನ್ನು ಕೊಡಲಿ; ಅದರ ಜೊತೆಗೆ, ನನಗೆ ಬೇಕಾದದ್ದಕ್ಕಿಂತ ಹೆಚ್ಚಾಗಿ ಕೊಟ್ಟ ಹೇಸಿಗೆಯೆಂಬ ಆ ಗುಣವನ್ನು ಅವರಿಗೂ ಒಂದು ಹಿಡಿ ಕರುಣಿಸಲಿ.